ಸುನಯನಾಳ ಮದುವೆಗೆ ಬರುತ್ತೇನೆ

ದರ್ಭಂಗಾ
೧೨ ಮೇ ೧೯೩೧

ಪ್ರಿಯ ಅಚ್ಯುತ,

ನಿನಗೂ ಮನೆಯವರಿಗೂ ಸಲಾಮು. ನಿನ್ನ ಮಗಳ ಲಗ್ನಪತ್ರಿಕೆ ಕೈಸೇರಿತು. ಅದರೊಳಗೆ ನೀನು ಮಡಚಿಟ್ಟ ಚೀಟಿಯೂ ಸಿಕ್ಕಿತು. ನಾನು ಬರಲೇಬೇಕಂತೆ, ಆದರೆ ನನ್ನನ್ನು ಊಟಕ್ಕೆ ಎಲ್ಲಿ ಕೂರಿಸುವುದೆಂದು ತಿಳಿಯುತ್ತಿಲ್ಲವಂತೆ. ಲಾಠಿಗೆ ಹೆದರದವನು ಬೀಗರ ಪಂಕ್ತಿಗೆ ಹೆದರಿದೆಯಲ್ಲ ಮಾರಾಯ! ಮೊದಲು ನಗು ಬಂತು. ಆಮೇಲೆ ಸುಸ್ತಾಯಿತು.

ಕಳೆದ ತಿಂಗಳು ನಿನ್ನ ಬೀಗರು ನಿನ್ನನ್ನೂ ಕರೆದುಕೊಂಡು ನಮ್ಮ ಜಗುಲಿಗೆ ಬಂದಿದ್ದರಲ್ಲ.

"ಮಿಯಾ, ನಿಜ ಹೇಳ್ಬೇಕು. ಜೈಲಲ್ಲಿ ಉಪವಾಸ ಮುಗಿಸೋವಾಗ ಇವರಿಗೆ ನಿಂಬೆನೀರು ಕುಡಿಸಿದ್ದು ನೀವೇ ಅಂತ ಊರೆಲ್ಲ ಹೇಳ್ತಿದೆ. ಹಂಗಾದ್ರೆ ಈ ಸಂಬಂಧ ಬೇಡ."

"ಊರಿಗೇನು ಕೆಲಸ ಪಂಡಿತರೇ! ಕುಡಿಸಿದ್ದು ತಿವಾರಿ, ಬ್ರಾಹ್ಮಣ ವಾರ್ಡರು. ನಾನು ಮೂಲೇಲಿ ಗೊರಕೆ ಹೊಡೀತಿದ್ದೆ."

ನೀನು ನೆಲ ನೋಡುತ್ತ ನಿಂತಿದ್ದೆ. ಹತ್ತೊಂಬತ್ತು ದಿನ ಅನ್ನ ಬಿಟ್ಟು ಮಲಗಿದ್ದವನು ಅಂದು ಜೈಲಿನಲ್ಲಿ ತಿವಾರಿಯ ಲೋಟ ತಳ್ಳಿ, "ವದೂದ್ ಕೊಟ್ರೆ ಮಾತ್ರ ಕುಡೀತೀನಿ" ಎಂದು ಹಟ ಹಿಡಿದಿದ್ದೆ. ಇಡೀ ಬ್ಯಾರಕ್ಕು ಜೈಕಾರ ಹಾಕಿತ್ತು. ಆ ಗುಟುಕನ್ನೇ ನಾನು ಸ್ವರಾಜ್ಯ ಅಂದುಕೊಂಡಿದ್ದೆ. ಹುಡುಗಿಯ ಮದುವೆ ಮುರಿಯಬಾರದೆಂದು ನನ್ನ ಬಾಯಿಂದಲೇ ಅದನ್ನು ಇಲ್ಲವೆಂದೆ. ಸುಳ್ಳು ಹೇಳಿದ್ದಕ್ಕೆ ಬೇಸರವಿಲ್ಲ. ಅವರು ಹೋದ ಮೇಲಾದರೂ ನೀನು ತಿರುಗಿ ಬಂದು ಒಂದು ಮಾತು ಆಡುತ್ತೀಯ ಎಂದು ಕಾದೆ. ನೀನು ಬರಲಿಲ್ಲ.

ಕಾನ್ಪುರದ ಹಿಂದೂ-ಮುಸ್ಲಿಂ ಗಲಭೆಯ ಸುದ್ದಿ ಬಂದ ಮೇಲೆ ನಮ್ಮವರೂ ಸುಮ್ಮನಿಲ್ಲ. ನಿನ್ನೆ ನನ್ನ ಹೆಂಡತಿ ಅಮೀನಾ ಕೂಡ, "ಅವರ ಜೊತೆ ಸೇರಿ ಜೈಲಿಗೂ ಹೋಗಿ ಬಂದ್ರಿ. ಒಂದು ಲೋಟ ನೀರಿಗೆ ಇಷ್ಟು ಪಂಚಾಯಿತಿ ಮಾಡೋರ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ತೀರಿ?" ಎಂದಳು. ಅಷ್ಟೆಲ್ಲ ಅಂದವಳೇ ಸಂಜೆ ಬಜಾರಿಗೆ ಹೋಗಿ ಸುನಯನಾಳಿಗೆ ಅರಗಿನ ಬಳೆ ಆರಿಸಿ ತಂದಿದ್ದಾಳೆ.

ಬರುತ್ತೇನೆ ಅಚ್ಯುತ. ಪಂಕ್ತಿಯ ಚಿಂತೆ ಬಿಡು. ಅಂದು ನನಗೆ ರೋಜಾ ಉಪವಾಸ, ಹನಿ ನೀರನ್ನೂ ಮುಟ್ಟುವಂತಿಲ್ಲ. ಕೇಳಿದವರಿಗೆಲ್ಲ ಹಾಗೆಯೇ ಹೇಳು. ಬಳೆ ಕೊಟ್ಟು, ಹುಡುಗಿಯನ್ನು ಹರಸಿ, ಹೊತ್ತು ಮುಳುಗುವ ಮೊದಲೇ ರೈಲು ಹತ್ತುತ್ತೇನೆ.

ನಿನ್ನವನೇ ಆದ
ವದೂದ್

ಮರೆತಿದ್ದೆ: ಅಂದು ನಮ್ಮಲ್ಲಿ ಯಾವ ಉಪವಾಸವೂ ಇಲ್ಲ. ನಿನ್ನ ಬೀಗರಿಗೆ ಅದು ಗೊತ್ತಾಗುವುದಿಲ್ಲ. ನಿನಗೆ ಗೊತ್ತಿರಲಿ.