ಗೋಡೆಯ ಮೇಲೆ ಕಂಡ ತಲೆ

ಎಲ್ವೀರಾ ಮಗಳೇ,

ಹಾಗಾಗಿ ನಾನೂ ತಲೆ ಬೋಳಿಸಿಕೊಂಡೆ. ಸೇತುವೆಯ ಮೇಲೆ ವಿದ್ಯಾರ್ಥಿಗಳಿಗೆ ಗುಂಡು ಹೊಡೆಯಲಾರದೆ ಸೈನ್ಯ ಬಿಟ್ಟು ಬಂದು ಇಲ್ಲಿ ಅಡಗಿರುವ ನಿನ್ನ ತಮ್ಮನ ಬೋಳುತಲೆ ಹಿತ್ತಲ ಗೋಡೆಯ ಮೇಲೆ ಯಾರಿಗೋ ಕಂಡಿತ್ತು. ಕಾಲೇಜಿನಲ್ಲಿ ಸೈನಿಕನ ಕರ್ತವ್ಯ ಹೊಗಳುವ ಒಂದು ಇಂಗ್ಲಿಷ್ ಪದ್ಯ ನನಗೆ ಬಾಯಿಪಾಠವಿತ್ತು; ಈಗ ಹೇಳಲು ಹೊರಟರೆ ‘ಡ್ಯೂಟಿ’ ಎಂಬಲ್ಲಿಗೆ ನಿಂತುಹೋಗುತ್ತದೆ.

ಬೆಳಿಗ್ಗೆ ತಾದೆಯೋ ಬಂದ. ನಿನ್ನಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಈಗ ಸರ್ಕಾರದ ನಾಗರಿಕ ಪಡೆಯವನು.

“ದೋನ್ ಆನ್ಸೆಲ್ಮೋ, ಟೋಪಿ ತೆಗೀರಿ. ಏನಿದು, ಇನ್ನೊಂದು ಮದುವೆಗೆ ಸಿಂಗಾರಾನಾ?”

“ಹೇನು ಕಣಯ್ಯ. ಗೋಡೆ ಮೇಲೆ ಕಂಡಿದ್ದು ಇದೇ ತಲೆ.”

ಅವನು ನಗಲಿಲ್ಲ. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ: “ಭಾನುವಾರ ನನ್ನ ಮಗನಿಗೂ ಸೇತುವೆ ಕಾವಲು. ಅವನೂ ಓಡಿಬಂದ್ರೆ ಇಲ್ಲಿ ಜಾಗ ಇದೆಯಾ?”

ಬೇಡುತ್ತಿದ್ದನೋ, ಬಲೆ ಬೀಸುತ್ತಿದ್ದನೋ ತಿಳಿಯದೆ ಟೋಪಿ ಮತ್ತೆ ಹಾಕಿಕೊಂಡೆ. ಭಾನುವಾರ ಸಂಜೆ ಮೀನಿನ ಲಾರಿ ಕಳಿಸು, ನಿನ್ನ ತಮ್ಮನಿಗೂ ತಾದೆಯೋನ ಮಗನಿಗೂ, ಇಬ್ಬರಿಗೆ ಜಾಗವಿರಲಿ.

ಬೆಳಕು ಇಳಿಯುತ್ತಿದೆ. ದೀಪ ಹಚ್ಚಿದರೆ ಕಿಟಕಿಯ ಪರದೆಯ ಮೇಲೆ ಎರಡು ನೆರಳು ಬೀಳುತ್ತವೆ. ಇಲ್ಲಿಗೆ ಸಾಕು.

ನಿನ್ನ ಅಪ್ಪ,
ಆನ್ಸೆಲ್ಮೋ