ಸರದಿಮನೆಯ ಮಗಳು

ಗದಗ, ೨೧೮೯, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ಮಗುವಿಗಾಗಿ ಕೋರ್ಟಿನ ಮೆಟ್ಟಿಲೇರಿರುವ ಹಿರಿಯರೇ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಿಮಗಿಂತ ನಾಲ್ಕು ತಲೆಮಾರು ಈಚೆಗೆ ಹುಟ್ಟಿದವಳು ನಾನು, ಹೆಸರು ಚಂಪಾ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಬೀದಿಗಳಿಗೆ ಚಾವಣಿ ಹೊದಿಸಿ ಅವನ್ನು ನೆರಳುಬೀದಿ ಎನ್ನುತ್ತೇವೆ. ಹಗಲು ಜನ ಅದರಡಿಯಲ್ಲೇ ಓಡಾಡುತ್ತಾರೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ನಾನಿರುವುದು ಸರದಿಮನೆಯಲ್ಲಿ. ಅಪ್ಪ ಅವ್ವ ಮಗುವಿಗಾಗಿ ಕಚ್ಚಾಡಿದಾಗ ಕೋರ್ಟು ಮನೆಯನ್ನು ಮಗುವಿಗೇ ಕೊಡುತ್ತದೆ. ಮಗು ಅಲ್ಲೇ ಇರುತ್ತದೆ. ಹೆತ್ತವರು ವಾರಕ್ಕೊಬ್ಬರಂತೆ ಸರದಿಯ ಮೇಲೆ ಬಂದು ಹೋಗುತ್ತಾರೆ.

ನನಗೆ ಎಂಟು ವರ್ಷವಿದ್ದಾಗ ನನ್ನ ಅಪ್ಪ ಅವ್ವ ಬೇರೆಯಾದರು. ಅವ್ವ ಹೊಡೆಯುತ್ತಾಳೆ ಅನ್ನು ಎಂದು ಅಪ್ಪ ಕಲಿಸಿದ. ಅಪ್ಪ ಕೋಣೆಯಲ್ಲಿ ಕೂಡಿಹಾಕುತ್ತಾನೆ ಅನ್ನು ಎಂದು ಅವ್ವ ಕಲಿಸಿದಳು. ಇಬ್ಬರಿಗೂ ಬೇಸರವಾಗಬಾರದೆಂದು ನಾನು ಕೋರ್ಟಿನಲ್ಲಿ ಎರಡನ್ನೂ ಹೇಳಿದೆ. ನ್ಯಾಯಾಧೀಶೆ ಗೌರಮ್ಮನವರು ಬರೆಯುವುದನ್ನು ನಿಲ್ಲಿಸಿದರು. ಒಳಕೋಣೆಗೆ ಕರೆದೊಯ್ದು, ಯಾವುದು ನಿಜವೆಂದು ಕೇಳಿದರು. ಎರಡೂ ಅಲ್ಲವೆಂದೆ. ತಿಂಗಳೊಳಗೆ ನಮ್ಮ ಮನೆ ಸರದಿಮನೆಯಾಯಿತು.

ಸೋಮವಾರ ಬೆಳಿಗ್ಗೆ ಒಬ್ಬರು ಹಿತ್ತಲಿನಿಂದ ಹೋಗುತ್ತಿದ್ದರು. ಅರ್ಧ ಗಂಟೆಯ ಮೇಲೆ ಇನ್ನೊಬ್ಬರು ಮುಂಬಾಗಿಲಿನಿಂದ ಬರುತ್ತಿದ್ದರು. ಆ ಅರ್ಧ ಗಂಟೆ ನಾನೊಬ್ಬಳೇ. ಅವ್ವ ಬಂದವಳೇ ಅಪ್ಪ ಮಲಗಿದ್ದ ಹಾಸಿಗೆಯನ್ನು ಬಿಸಿಲಿಗೆ ಹಾಕುವಳು. ಅವ್ವ ಕುಟ್ಟಿಟ್ಟ ಶೇಂಗಾಚಟ್ನಿಯನ್ನು ಅಪ್ಪ ಮುಟ್ಟುತ್ತಿರಲಿಲ್ಲ. ನನ್ನನ್ನು ಮಾತ್ರ ಇಬ್ಬರೂ ಚೆನ್ನಾಗಿಯೇ ನೋಡಿಕೊಂಡರು.

ವರ್ಷಕ್ಕೊಮ್ಮೆ ಗೌರಮ್ಮನವರು ಬಂದು ನನಗೇನು ಬೇಕೆಂದು ಕೇಳುತ್ತಿದ್ದರು. ಹತ್ತನೆಯ ವರ್ಷದಲ್ಲಿ ನಾನು ಹೇಳಿದೆ: "ಒಂದ ಸಲ ಮೂರೂ ಮಂದಿ ಕೂಡಿ ಉಣಬೇಕ್ರಿ."

ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು. "ಅದನ್ನ ಹುಕುಂ ಮಾಡಾಕ ನನಗ ಬರೂದಿಲ್ಲವ್ವಾ. ಕೇಳಿ ನೋಡ್ತೀನಿ."

ಕೇಳಿದರು ಕೂಡ. ವಿಚಾರ ಮಾಡುತ್ತೇನೆಂದು ಅಪ್ಪ ಹೇಳಿದ. ಅವ್ವನೂ ಅದನ್ನೇ ಹೇಳಿದಳು. ಎಂಟು ವರ್ಷ ಕಳೆದವು.

ನನಗೆ ಹದಿನೆಂಟು ತುಂಬಿದ ದಿನ ಆದೇಶ ಮುಗಿಯಿತು. ಸಹಿ ಹಾಕಲು ಇಬ್ಬರೂ ಒಟ್ಟಿಗೆ ಈ ಮನೆಗೆ ಬರಲೇಬೇಕಿತ್ತು. ನಾನು ಮೂರು ತಾಟು ಹಾಕಿದೆ.

"ನಾ ಉಂಡ ಬಂದೇನಿ," ಎಂದು ಅಪ್ಪ ನಿಂತೇ ಹೇಳಿದ. ಅವ್ವ ಕೂತಳು, ಎರಡು ತುತ್ತು ಉಂಡಳು. ಅಪ್ಪ ಚಪ್ಪಲಿ ಮೆಟ್ಟುವ ಸದ್ದು ಕೇಳಿದೊಡನೆ ಕೈ ತೊಳೆದಳು.

ಈಗ ನನಗೆ ಅರವತ್ತಮೂರು. ಇಬ್ಬರೂ ಇಲ್ಲ. ನಾನು ಮದುವೆಯಾಗಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಹೋಗಬೇಕೆಂಬುದು ಮೈಗೆ ಹತ್ತಿಬಿಟ್ಟಿದೆ. ನೆರೆಯವರು ಒಳಗೆ ಬಂದರೆ ನಾನೇ ಎದ್ದು ನಿಲ್ಲುತ್ತೇನೆ.

ಕೋರ್ಟನ್ನು ನಾನು ದೂರುವುದಿಲ್ಲ. ಅದು ನನ್ನನ್ನು ಸುಳ್ಳಿನಿಂದ ಬಿಡಿಸಿತು, ತಲೆಯ ಮೇಲೊಂದು ಸೂರು ಕೊಟ್ಟಿತು. ಉಳಿದದ್ದು ಅದರ ಕೈಯಲ್ಲಿರಲಿಲ್ಲ, ನಿಮ್ಮ ಕೈಯಲ್ಲಿದೆ. ಬೇರೆಯಾಗುವುದಿದ್ದರೆ ಆಗಿ, ಬೇಡವೆನ್ನುವುದಿಲ್ಲ. ಆದರೆ ಮಗು ಕೇಳುವಂತೆ ಒಮ್ಮೆಯಾದರೂ ಒಬ್ಬರನ್ನೊಬ್ಬರು ಮೆತ್ತಗೆ ಕರೆಯಿರಿ. ನನ್ನ ಅಪ್ಪ ನನ್ನ ಅವ್ವನನ್ನು ಏನೆಂದು ಕರೆಯುತ್ತಿದ್ದನೋ, ನನಗೆ ನೆನಪಿಲ್ಲ. ಹೇಳುವವರೂ ಈಗ ಯಾರೂ ಉಳಿದಿಲ್ಲ.

ನಿಮ್ಮ ಮುಂದಿನವಳು,
ಚಂಪಾ