ಪಾಸ್‌ಪೋರ್ಟ್ ಮನೆ ಸೇರಿತು, ಮಾಲಿಂಫೊ ಸೇರಲಿಲ್ಲ

ಸೇತುವೆಯ ಗಡಿಠಾಣೆಯ ಮುಖ್ಯ ವಲಸೆ ಅಧಿಕಾರಿಗಳಿಗೆ,

ಮಾನ್ಯರೇ,

ಮಾಲಿಂಫೊ ಎಂಬ ಹೆಂಗಸು ತನ್ನ ತಾಯಿಯ ಮಣ್ಣಿಗೆ ಹೋಗಬೇಕಾಗಿದೆ. ಮಣ್ಣು ಈ ಶನಿವಾರ. ಅವಳಿರುವುದು ನಿಮ್ಮ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಊರಿನಲ್ಲಿ, ಹೆಣ ಇರುವುದು ನಮ್ಮ ಲೆಸೊಥೊದಲ್ಲಿ, ನಡುವೆ ಇರುವುದು ಮೊಹೊಕಾರೆ ನದಿ, ಅದರ ಮೇಲೊಂದು ಸೇತುವೆ, ಸೇತುವೆಯ ಬಾಯಲ್ಲಿ ನೀವು. ನಿಮ್ಮ ದಾಖಲೆಯ ಪ್ರಕಾರ ಅವಳು ಆರು ವರ್ಷದ ಹಿಂದೆಯೇ ನಿಮ್ಮ ದೇಶ ಬಿಟ್ಟು ಹೋಗಿದ್ದಾಳೆ. ದೇಶದಲ್ಲೇ ಇಲ್ಲದವಳನ್ನು ದೇಶದಿಂದ ಹೊರಗೆ ಬಿಡುವುದು ನಿಮ್ಮ ನಿಯಮದಲ್ಲಿ ಇಲ್ಲವಂತೆ. ಹೀಗಾಗಲು ಕಾರಣ ನಾನು. ಇದನ್ನು ತಪ್ಪೊಪ್ಪಿಗೆ ಎಂದಾದರೂ ಓದಿ, ಅರ್ಜಿ ಎಂದಾದರೂ ಓದಿ, ಆದರೆ ಶುಕ್ರವಾರದೊಳಗೆ ಓದಿ. ಪತ್ರಿಕೆಗೆ ಕೊಡುತ್ತಿರುವುದೂ ಅದಕ್ಕೇ. ನಿಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳು ಯಾವ ಮೇಜಿನ ಮೇಲೆ ತೂಕಡಿಸುತ್ತಿವೆಯೋ ನಾನರಿಯೆ.

ನಾನು ಇಪ್ಪತ್ತೆರಡು ವರ್ಷದಿಂದ ಬ್ಲೂಮ್‌ಫಾಂಟೇನ್‌ಗೂ ಗಡಿಯಾಚೆಯ ನಮ್ಮ ಊರುಗಳಿಗೂ ಹದಿನಾರು ಸೀಟಿನ ವ್ಯಾನ್ ಓಡಿಸುವವನು. ನಿಮ್ಮ ಕಡೆಯ ಮನೆಗಳಲ್ಲಿ ಪಾತ್ರೆ ತೊಳೆಯುವ, ಮಕ್ಕಳನ್ನು ಆಡಿಸುವ, ಹಾಸಿಗೆ ಹಿಡಿದವರ ಮೈ ಒರೆಸುವ ನಮ್ಮ ಹೆಂಗಸರೇ ನನ್ನ ಸವಾರರು. ಅವರಿಗೆ ನೀವು ಒಂದು ಸಲಕ್ಕೆ ಕೊಡುವುದು ಮೂವತ್ತು ದಿನ. ಮೂವತ್ತು ತುಂಬುವುದರೊಳಗೆ ಸೇತುವೆ ದಾಟಿ, ಆ ಕಡೆ ಠಸ್ಸೆ ಹಾಕಿಸಿ, ತಿರುಗಿ ಬಂದು ಈ ಕಡೆ ಠಸ್ಸೆ ಹಾಕಿಸಬೇಕು. ದಿನ ತುಂಬುವುದು ಮಂಗಳವಾರವೋ ಬುಧವಾರವೋ ಆದರೆ ಯಾವ ಯಜಮಾನಿ ರಜೆ ಕೊಡುತ್ತಾಳೆ? ಆದ್ದರಿಂದ ಅಂಥ ತಿಂಗಳು ಹೆಂಗಸು ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು, ಅವಳ ಪಾಸ್‌ಪೋರ್ಟ್ ಮಾತ್ರ ನನ್ನ ವ್ಯಾನ್ ಹತ್ತಿ ಗಡಿಗೆ ಹೋಗಿ ಬರುತ್ತಿತ್ತು. ಇದು ಕಳ್ಳತನ ಎಂದು ನೀವು ಹುಬ್ಬೇರಿಸಬೇಡಿ. ನಿಮ್ಮ ಕಿಟಕಿಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಪಾಸ್‌ಪೋರ್ಟ್ ಪುಸ್ತಕಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿಕೊಂಡು, "ಏನಪ್ಪಾ ಮೊಖೆಲೆ, ಇವತ್ತು ನಿನ್ನ ಜನ ತುಂಬಾ ಸಣ್ಣಗಾಗಿದ್ದಾರಲ್ಲ, ಊಟ ಗೀಟ ಹಾಕ್ತೀಯೋ ಇಲ್ವೋ?" ಎಂದು ನಗುತ್ತಾ ಠಸ್ಸೆ ಗುದ್ದುತ್ತಿದ್ದರು. ತಮ್ಮ ಪಾಲು ತೆಗೆದುಕೊಂಡು ನನ್ನ ಆರೋಗ್ಯವನ್ನೂ ವಿಚಾರಿಸುತ್ತಿದ್ದರು.

2020ರ ಮಾರ್ಚ್ ತಿಂಗಳ ಕೊನೆಯ ಗುರುವಾರ ನನ್ನ ಚೀಲದಲ್ಲಿ ಹದಿನಾಲ್ಕು ಪಾಸ್‌ಪೋರ್ಟ್‌ಗಳಿದ್ದವು. ನಿಮ್ಮ ಕಿಟಕಿಯಲ್ಲಿ ಹೊರಹೋದ ಠಸ್ಸೆ ಬಿತ್ತು. ನಮ್ಮ ಕಿಟಕಿಯಲ್ಲಿ ಒಳಬಂದ ಠಸ್ಸೆ ಬಿತ್ತು. ವ್ಯಾನ್ ತಿರುಗಿಸಿಕೊಂಡು ಬರುವಷ್ಟರಲ್ಲಿ ನಿಮ್ಮ ಗೇಟು ಮುಚ್ಚಿತ್ತು. "ರೋಗ ಬಂದಿದೆ, ಮೂರು ವಾರ ಬಿಟ್ಟು ಬಾ" ಎಂದರು. ಆ ಗಳಿಗೆಯಿಂದ ಹದಿನಾಲ್ಕು ಹೆಂಗಸರು ಸರ್ಕಾರಿ ಲೆಕ್ಕದಲ್ಲಿ ಲೆಸೊಥೊದ ತಮ್ಮ ಮನೆಗಳಲ್ಲಿ ಸುಖವಾಗಿದ್ದರು. ಅವರ ಕೈಗಳು ಮಾತ್ರ ನಿಮ್ಮ ಊರಿನ ಮನೆಗಳಲ್ಲಿ ಬಟ್ಟೆ ಹಿಂಡುತ್ತಿದ್ದವು.

ಗೇಟು ಹಾಕಿದ್ದು ಯಾರನ್ನು ತಡೆಯಲಿಕ್ಕೆ, ಮಾನ್ಯರೇ? ಹೊರಗಿನವರು ಒಳಗೆ ಬರಬಾರದೆಂದು ತಾನೆ? ಹಾಗಾದರೆ ನನ್ನ ವ್ಯಾನಿನ ಸೀಟುಗಳನ್ನು ಒಮ್ಮೆ ಕೇಳಿ. ರೋಗಕ್ಕೆ ಮುಂಚೆ ನಮ್ಮ ಹೆಂಗಸರು ಬರುತ್ತಿದ್ದರು, ಹೋಗುತ್ತಿದ್ದರು. ತಿಂಗಳ ಕೊನೆಯ ಶುಕ್ರವಾರ ಹಿಟ್ಟಿನ ಮೂಟೆ, ಸೋಪು, ಮಕ್ಕಳ ಶೂ ಹೊತ್ತು ಹಾಡಿಕೊಂಡು ಊರಿಗೆ. ಭಾನುವಾರ ಮುಖ ಸಣ್ಣಗೆ ಮಾಡಿಕೊಂಡು ವಾಪಸ್. ಒಬ್ಬರೂ ನಿಮ್ಮಲ್ಲಿ ಬೇರೂರಲು ಬಂದವರಲ್ಲ. ಈಗ? ಒಳಗಿದ್ದವರು ಹೊರಗೆ ಕಾಲಿಟ್ಟರೆ ಮತ್ತೆ ಬಿಡುವುದಿಲ್ಲ ಎಂಬ ಹೆದರಿಕೆಯಿಂದ ಅಲ್ಲೇ ಕಚ್ಚಿಕೊಂಡಿದ್ದಾರೆ. ತಾವು ಹೋಗಲಾರದ ಮೇಲೆ ಮಕ್ಕಳನ್ನೇ ಕರೆಸಿಕೊಂಡರು. ಊರ ಹೊರಗಿನ ತಗಡಿನ ಕೋಣೆಗಳಲ್ಲಿ ಸಂಸಾರಗಳು ಬೆಳೆದಿವೆ. ಹೊಸದಾಗಿ ಬರುವ ಹುಡುಗಿಯರಂತೂ ಪಾಸ್‌ಪೋರ್ಟ್ ಮಾಡಿಸುವ ಗೋಜಿಗೇ ಹೋಗುವುದಿಲ್ಲ, ನೇರ ನದಿಗೇ ಇಳಿಯುತ್ತಾರೆ. ಈಗ ಶುಕ್ರವಾರಗಳಲ್ಲಿ ನನ್ನ ವ್ಯಾನ್ ಹತ್ತಿ ಊರಿಗೆ ಹೋಗುವುದು ಬರೀ ಚೀಲಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಆಮೇಲೆ ನೀವು ರೇಡಿಯೊದಲ್ಲಿ ಕೂತು, ಪರದೇಶದವರು ಹೆಚ್ಚಾಗಿದ್ದಾರೆ, ವಾಪಸ್ ಹೋಗುವುದೇ ಇಲ್ಲ ಎಂದು ಆಶ್ಚರ್ಯಪಡುತ್ತೀರಿ. ಹೋಗುತ್ತಿದ್ದವರ ದಾರಿಗೆ ಬೀಗ ಹಾಕಿದವರು ನೀವೇ ಅಲ್ಲವೇ?

ಇನ್ನು ನನ್ನ ಹದಿನಾಲ್ಕು ಜನರ ಕಥೆ. ಒಂಬತ್ತು ಮಂದಿ ಚಳಿಗಾಲದಲ್ಲಿ ನೀರು ಮೊಣಕಾಲಿಗಿಂತ ಕೆಳಗಿದ್ದಾಗ ಬೆಕ್ಕುಗಳಂತೆ ಸದ್ದಿಲ್ಲದೆ ನದಿ ದಾಟಿ ಮನೆ ಸೇರಿದರು. ಗೇಟು ತೆರೆದ ಮೇಲೆ ನನ್ನಿಂದ ಪಾಸ್‌ಪೋರ್ಟ್ ಪಡೆದು, ಸೇತುವೆಯ ಮೇಲೆ ತಲೆಯೆತ್ತಿ ನಡೆದು ಬಂದರು. ಅವರನ್ನು ನೀವು ಕಾನೂನು ಪಾಲಿಸುವ ಹೆಂಗಸರೆಂದು ಒಳಗೆ ಬಿಟ್ಟಿರಿ. ನಾಲ್ವರು ನಿಮ್ಮಲ್ಲೇ ಮದುವೆ ಗಿದುವೆ ಮಾಡಿಕೊಂಡು ಉಳಿದರು. ಉಳಿದವಳು ಮಾಲಿಂಫೊ. ಅವಳು ನದಿಗೆ ಇಳಿಯುವುದಿಲ್ಲ ಎಂದಳು.

ಅವಳ ಗಂಡ ಪಾಸ್‌ಪೋರ್ಟ್ ಇಲ್ಲದೆ ನಿಮ್ಮ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದವನು. ಮಗಳು ಲಿಂಫೊಗೆ ಮೂರು ವರ್ಷವಿದ್ದಾಗ ಅದೇ ನದಿಯ ಪ್ರವಾಹದಲ್ಲಿ ಕೊಚ್ಚಿಹೋದ. ಆಮೇಲೆ ಅವಳು ಮಾಡಿದ ಮೊದಲ ಕೆಲಸ ಪಾಸ್‌ಪೋರ್ಟ್ ಮಾಡಿಸಿದ್ದು. ಮಗಳನ್ನು ತಾಯಿಯ ಬಳಿ ಬಿಟ್ಟು, ಸೇತುವೆಯ ಮೇಲೆ ನಡೆದೇ ನಿಮ್ಮಲ್ಲಿಗೆ ಬಂದಳು. ನಿಮ್ಮ ಕಿಟಕಿ ಮತ್ತೆ ತೆರೆದಾಗ ಅಲ್ಲಿ ಕ್ಯಾಮೆರಾ ಕೂತಿತ್ತು, ಬೆರಳಚ್ಚಿನ ಯಂತ್ರ ಕೂತಿತ್ತು, ಪುಸ್ತಕವನ್ನು ಒಂಟಿಯಾಗಿ ಕಳಿಸುವ ಕಾಲ ಮುಗಿದಿತ್ತು. ಆಗ ಮಾಲಿಂಫೊ ನಮ್ಮಲ್ಲಿ ಯಾರೂ ಮಾಡದ ತಪ್ಪು ಮಾಡಿದಳು. ಒಂದು ದಿನ ರಜೆ ಪಡೆದು, ತೊಳೆದಿಟ್ಟ ಉಡುಪು ತೊಟ್ಟು, ನಿಮ್ಮ ಕಿಟಕಿಯ ಮುಂದೆ ನಿಂತು ನಿಜ ಹೇಳಿದಳು. ಪಾಸ್‌ಪೋರ್ಟ್ ಹಿಡಿದು ನಾನು ಹಿಂದೆಯೇ ಇದ್ದೆ.

"ನೀನು ಮಾರ್ಚ್‌ನಲ್ಲೇ ಹೊರಟುಹೋಗಿದ್ದೀಯಲ್ಲಮ್ಮಾ, ಎರಡು ವರ್ಷ ಆಯ್ತು," ಎಂದರು ನಿಮ್ಮವರು, ಪರದೆ ನೋಡಿ.

"ಪುಸ್ತಕ ಹೋಯ್ತು ಸಾಹೇಬ್ರೆ. ನಾನು ಹೋಗ್ಲಿಲ್ಲ. ಈಗ ನಾನೂ ಹೋಗ್ತೀನಿ, ಬಿಡಿ."

"ಹಾಗಾದ್ರೆ ಕಾಗದ ಇಲ್ದೆ ಇಷ್ಟು ದಿನ ಒಳಗಿದ್ದೆ ಅಂತ ಬರೀಬೇಕಾಗುತ್ತೆ. ಬರೆದ್ರೆ ಐದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ. ಬರೀಲಾ?"

ಅವಳು ಬೇಡವೆಂದು ತಲೆಯಾಡಿಸಿದಳು. ಐದು ವರ್ಷ ಕೆಲಸವಿಲ್ಲದಿದ್ದರೆ ಲಿಂಫೊ ಏನು ತಿನ್ನಬೇಕು? ನಿಮ್ಮವರು ಕೆಟ್ಟವರಲ್ಲ, ಸ್ವಲ್ಪ ಮುಂದೆ ಬಾಗಿ ದನಿ ತಗ್ಗಿಸಿದರು. "ನಾನೇನೂ ಕೇಳಿಸ್ಕೊಂಡಿಲ್ಲ. ಕೆಳಗೆ ನದಿ ಇದೆ ನೋಡು. ಆ ಕಡೆ ಹತ್ತಿಬಿಟ್ರೆ ಯಾವ ತಪ್ಪೂ ಇಲ್ಲ. ನೀನು ಅಲ್ಲೇ ಇದ್ದವಳು."

"ನನ್ನ ಗಂಡ ಆ ದಾರೀಲೇ ಹೋಗಿದ್ದು ಸಾಹೇಬ್ರೆ. ಮೂರು ದಿನ ಆದ್ಮೇಲೆ ಸಿಕ್ಕ."

ಅಷ್ಟು ಹೇಳಿ ಸಾಲಿನಿಂದ ಹೊರಬಂದಳು. ವ್ಯಾನಿನಲ್ಲಿ ಒಂದೇ ಮಾತಾಡಿದಳು: "ನ್ತಾತೆ ಮೊಖೆಲೆ, ಆ ಪುಸ್ತಕ ನಮ್ಮವ್ವನ ಕೈಗೆ ಕೊಟ್ಬಿಡಿ. ಅದಾದ್ರೂ ಮನೇಲಿರ್ಲಿ." ನ್ತಾತೆ ಎಂದು ನಮ್ಮಲ್ಲಿ ಹಿರಿಯ ಗಂಡಸರನ್ನು ಕರೆಯುತ್ತಾರೆ. ಆ ಗೌರವಕ್ಕೆ ನಾನು ಎಷ್ಟು ಯೋಗ್ಯನೆಂದು ನೆನೆದು ಅಂದು ನನಗೆ ನಾಚಿಕೆಯಾಯಿತು.

ನಿಮ್ಮ ನಿಯಮದ ಅಂದವನ್ನು ಗಮನಿಸಿದಿರಾ? ಸೇತುವೆಯ ಮೇಲೆ ನಡೆದರೆ ಅಪರಾಧಿ, ನದಿಯಲ್ಲಿ ಮುಳುಗಿ ಎದ್ದರೆ ನಿರಪರಾಧಿ. ನಿಜ ಹೇಳಿದವಳಿಗೆ ಐದು ವರ್ಷ, ಸುಳ್ಳು ಹೇಳಿದವರಿಗೆ ಮೂವತ್ತು ದಿನದ ಹೊಸ ಠಸ್ಸೆ. ಇದನ್ನು ಬರೆದವರು ಯಾವತ್ತಾದರೂ ಆ ನೀರಿನ ಹತ್ತಿರ ನಿಂತಿದ್ದಾರೆಯೇ?

ಎರಡು ವಾರದ ಹಿಂದೆ ಅವಳ ತಾಯಿ ತೀರಿಕೊಂಡರು. ಆ ಹೊತ್ತಿಗೆ ಮಾಲಿಂಫೊ ನಿಮ್ಮ ಊರಿನ ಯಾರದೋ ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಮಗಳು ಬರಲೆಂದು ಮನೆಯವರು ಒಂದು ಶನಿವಾರ ಮಣ್ಣನ್ನು ಮುಂದೂಡಿದರು, ಇನ್ನು ಶವಾಗಾರದವರು ಇಟ್ಟುಕೊಳ್ಳುವುದಿಲ್ಲ. ನಾನು ಅವಳು ಕಳಿಸಿದ ಕಂಬಳಿ ಕೊಡಲು ಆ ಮನೆಗೆ ಹೋಗಿದ್ದೆ. ಸಾವಿನ ಮನೆಯಲ್ಲಿ ನೆಲದ ಹಾಸಿಗೆಯ ಮೇಲೆ ಯಾರು ಕೂರಬೇಕೆಂದು ನಿಮಗೂ ಗೊತ್ತು, ನೀವೂ ನಮ್ಮ ಸೆಸೊಥೊ ಮಾತಾಡುವವರೇ. ಸತ್ತವರ ಮಗಳು ಕೂರಬೇಕು, ಬಂದವರು ಅವಳ ಕೈ ಹಿಡಿದು ಸಮಾಧಾನ ಹೇಳಬೇಕು. ಅಲ್ಲಿ ಕೂತಿದ್ದವಳು ಲಿಂಫೊ. ಹದಿನಾಲ್ಕು ವರ್ಷ. ಹೆಗಲ ಮೇಲೆ ದೊಡ್ಡವರ ಕಂಬಳಿ, ಅದು ಜಾರಿದಾಗಲೆಲ್ಲ ಎಳೆದುಕೊಳ್ಳುತ್ತಿದ್ದಳು.

"ಎಲ್ಲರೂ ನನ್ ಕೈ ಹಿಡ್ಕೊಂಡು ಅಳ್ತಾರೆ. ನಾನು ಏನು ಹೇಳ್ಬೇಕು ಅಂತ ಗೊತ್ತಾಗಲ್ಲ," ಎಂದಳು. ಆಮೇಲೆ ಅಜ್ಜಿಯ ಬೈಬಲ್ಲಿನೊಳಗಿಂದ ಆ ಪಾಸ್‌ಪೋರ್ಟ್ ತೆಗೆದು ಕೊಟ್ಟಳು. ಫೋಟೊ ಇರುವ ಪುಟ ಮುಟ್ಟಿ ಮುಟ್ಟಿ ಮೆತ್ತಗಾಗಿತ್ತು. "ಅವತ್ತು ನೀವು ಪುಸ್ತಕ ತಂದ್ರಿ, ಅಮ್ಮನ್ನ ಬಿಟ್ಟು ಬಂದ್ರಿ. ಈಗ ಇದನ್ನ ತಗೊಂಡು ಹೋಗಿ ಅಮ್ಮನ್ನ ಕರ್ಕೊಂಡು ಬನ್ನಿ." ನಾನು ಹೂಂ ಎಂದುಬಿಟ್ಟೆ.

ಸೋಮವಾರ ಮಾಲಿಂಫೊ ಫೋನ್ ಮಾಡಿದಳು. ಈ ವಾರವೆಲ್ಲ ಬೆಟ್ಟದ ಕಡೆ ಮಳೆ ಹೊಡೆಯುತ್ತಿದೆ. ಗಂಡ ಹೋದ ಮೇಲೆ ಆ ನದಿಯ ಹೆಸರನ್ನು ಬಾಯಲ್ಲಿ ಎತ್ತದವಳು ಕೇಳಿದಳು: "ನ್ತಾತೆ, ನೀರು ಎಲ್ಲಿವರೆಗೆ ಬರುತ್ತೆ? ಸೊಂಟಕ್ಕಾ, ಎದೆಗಾ?" ಮಳೆ ನಿಲ್ಲಲಿ ಎಂದೆ. "ಹೇಳಿ, ನೀವು ದಿನಾ ಮೇಲಿಂದ ನೋಡ್ತೀರಲ್ಲ." ಶುಕ್ರವಾರ ಹೇಳುತ್ತೇನೆ ಎಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳನ್ನು ಕರೆದುಕೊಂಡು ನಿಮ್ಮ ಕಿಟಕಿಗೆ ಬರುತ್ತೇನೆ. ಅವಳ ಹೆಸರಿನ ಮುಂದೆ ಏನನ್ನೂ ಬರೆಯದೆ ಅವಳನ್ನು ಸೇತುವೆಯ ಮೇಲೆ ನಡೆದು ಹೋಗಲು ಬಿಡಿ, ತಾಯಿಯನ್ನು ಮಣ್ಣು ಮಾಡಿ ನಡೆದು ಬರಲು ಬಿಡಿ. ಬರೆಯಲೇಬೇಕೆಂದರೆ ನನ್ನ ಹೆಸರು ಬರೆಯಿರಿ. ವ್ಯಾನ್ ಇಟ್ಟುಕೊಳ್ಳಿ, ನನ್ನನ್ನು ಒಳಗೆ ಹಾಕಿ, ತಕರಾರಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ ಮಾನ್ಯರೇ, ಅವಳನ್ನು ಬಿಡಿ. ನೀವು ಬಿಡದಿದ್ದರೆ, ಅಲ್ಲೇ ನಿಮ್ಮೆದುರಿಗೇ, ಅವಳು ಕೇಳಿದ್ದಕ್ಕೆ ನಾನು ಉತ್ತರ ಹೇಳಬೇಕಾಗುತ್ತದೆ. ನೀರು ಕುತ್ತಿಗೆಯವರೆಗೆ ಇದೆ.

ಇಂತಿ,
ಹೆಂಗಸರನ್ನು ನಿಮ್ಮಲ್ಲೇ ಬಿಟ್ಟು ಅವರ ಹೆಸರುಗಳನ್ನು ಮಾತ್ರ ಸುರಕ್ಷಿತವಾಗಿ ಮನೆ ಮುಟ್ಟಿಸಿದ,
ಮೊಖೆಲೆ, ವ್ಯಾನ್ ಚಾಲಕ